ಹತ್ತನೇ ಹೊರೆ

ನನ್ನ ನಾಲಿಗೆಗೆ ಲಗಾಮಿಲ್ಲವೆಂದು ಉಮ್ಮ ದಿನಾ ಬೈಯುತ್ತಿದ್ದಳು. ಆ ನಾಲಿಗೆಯೇ ನಮ್ಮ ಅರಬಿ ಮೇಷ್ಟ್ರ ಕೆಲಸಕ್ಕೆ ಕುತ್ತು ತಂದಿತು. ಪುಲ್ಪಳ್ಳಿ ಕಡೆ ನಕ್ಸಲರ ಗಲಾಟೆಯಾಗಿ, ಗದ್ದೆ ಇದ್ದವರೆಲ್ಲ ಬಾಗಿಲಿಗೆ ಎರಡೆರಡು ಅಗುಳಿ ಹಾಕುತ್ತಿದ್ದ ಕಾಲ ಅದು. ನಾನು ಬಾವಲಿಯ ಹತ್ತಿರದ ಶಾಲೆಯಲ್ಲಿ ಐದನೇ ಕ್ಲಾಸಿನಲ್ಲಿದ್ದೆ.

ಧರ್ಮದ ಪಾಠಕ್ಕೆ ಊರಿನ ಬದುಕನ್ನೂ ಸೇರಿಸಿ ಕಲಿಸಬೇಕೆಂದು ಶಾಲೆಗೆ ಸುತ್ತೋಲೆ ಬಂತು. ಇಂಥವನ್ನು ಓದಿ ಗೋಡೆಗೆ ಅಂಟಿಸಿ ಮರೆಯುವುದು ಪದ್ಧತಿ. ಪಾಪ, ಮೇಷ್ಟ್ರು ಅದನ್ನು ನಂಬಿಬಿಟ್ಟರು! ನಮ್ಮ ಪುಸ್ತಕದಲ್ಲಿ ಇದ್ದದ್ದು ಖರ್ಜೂರ, ನಮಗೆ ಗೊತ್ತಿದ್ದದ್ದು ಭತ್ತ. ಅವರು ನಮ್ಮನ್ನು ಒಕ್ಕಣೆ ಕಣಕ್ಕೆ ಕರೆದೊಯ್ದು, ಹತ್ತು ಹೊರೆ ಸಾಲಾಗಿ ಇಡಿಸಿ, ಒಂದನ್ನು ಪಕ್ಕಕ್ಕೆ ಸರಿಸಿದರು.

"ಇದು ಬೆಳೆಯ ಜಕಾತ್, ಬಡವರ ಹಕ್ಕು. ಕೂಲಿ ಬೇರೆ, ಇದು ಬೇರೆ" ಎಂದರು.

ಮನೆಗೆ ಓಡಿ ಬಂದವಳೇ ಅಪ್ಪನನ್ನು ಕೇಳಿದೆ, "ಉಪ್ಪಾ, ನಮ್ಮ ಹತ್ತನೇ ಹೊರೆ ಎಲ್ಲಿ?"

ಉಪ್ಪ ಗಂಜಿಯ ಬಟ್ಟಲು ಕೆಳಗಿಟ್ಟರು. ಆಳುಗಳಿಗೆ ಕೊಟ್ಟ ಕೂಲಿಭತ್ತವನ್ನೇ ಅವರು ಪ್ರತಿವರ್ಷ ಜಕಾತ್ ಎಂದು ದೇವರ ಲೆಕ್ಕಕ್ಕೂ ಸೇರಿಸುತ್ತಿದ್ದರು. "ಯಾರು ಹೇಳಿಕೊಟ್ಟದ್ದು?" ಎಂದರು. "ಮಾಷ್!" ಎಂದೆ, ಹೆಮ್ಮೆಯಿಂದ. ಮೇಷ್ಟ್ರು ನಕ್ಸಲ್ ಎಂದು ಮರುದಿನವೇ ಉಪ್ಪ ದೂರು ಕೊಟ್ಟರು.

ಪೊಲೀಸ್ ಜೀಪು ನಮ್ಮ ಅಂಗಳಕ್ಕೇ ಬಂತು. ಮೇಷ್ಟ್ರನ್ನೂ ಅಲ್ಲಿಗೇ ಕರೆಸಿದ್ದರು; ಅವರು ಕಿತಾಬು ಹಿಡಿದು ನಿಂತಿದ್ದರು. ಕೆಲಸ ಹೋದರೆ ಅವರ ಮನೆಯಲ್ಲಿ ಒಲೆ ಉರಿಯುವುದಿಲ್ಲವೆಂದು ನನಗೂ ಗೊತ್ತಿತ್ತು. ನನಗೆ ನನ್ನ ಮೇಲೆಯೇ ಸಿಟ್ಟು, ಅಳು.

"ಹತ್ತರಲ್ಲೊಂದು ಅಂತ ಕಿತಾಬಲ್ಲಿ ಉಂಟಾ?" ಎಂದು ಇನ್ಸ್‌ಪೆಕ್ಟರ್ ಕೇಳಿದರು.

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಉಪ್ಪ ನುಗ್ಗಿದರು. "ಉಂಟು ಸಾರ್! ಆದ್ರೆ ಅದು ಮಳೆನೀರಿನ ಗದ್ದೆಗೆ. ಕಷ್ಟಪಟ್ಟು ನೀರೆತ್ತಿ ಬೆಳೆದ್ರೆ ಇಪ್ಪತ್ತರಲ್ಲೊಂದೇ. ನಮ್ದು ಏತದ ಗದ್ದೆ!"

"ಏತ ತುಳಿಯೋದು ಆಳುಗಳಲ್ವಾ ಉಪ್ಪಾ?" ಎಂದೆ. ಹಾಳು ನಾಲಿಗೆ!

ಇನ್ಸ್‌ಪೆಕ್ಟರ್ ಹೊಟ್ಟೆ ಹಿಡಿದು ನಕ್ಕರು. ಮೇಷ್ಟ್ರನ್ನು ಜೀಪು ಹತ್ತಿಸಲಿಲ್ಲ. ಗೆದ್ದೆವು ಅಂದುಕೊಂಡೆ. ವಾರದೊಳಗೆ ಶಾಲೆಯವರು ಅವರನ್ನು ಕೆಲಸದಿಂದ ಬಿಡಿಸಿದರು. ಕಾರಣ, ಪುಸ್ತಕದಲ್ಲಿಲ್ಲದ ಊರಿನ ವಿಷಯ ಕಲಿಸಿದ್ದು. ಸುತ್ತೋಲೆ ಇನ್ನೂ ಗೋಡೆಯ ಮೇಲೇ ಇತ್ತು.

ಹೊರಡುವಾಗ ಅವರು ನನ್ನ ತಲೆ ಸವರಿ, "ಕೇಳೋದು ಬಿಡಬೇಡ ಮೋಳೇ" ಎಂದರು, ಸ್ವಂತ ಮಗಳಿಗೆ ಹೇಳುವಂತೆ. ಬೈದಿದ್ದರೇ ಚೆನ್ನಾಗಿತ್ತು.

ಹೊಸ ಮೇಷ್ಟ್ರು ಪುಸ್ತಕದಲ್ಲಿದ್ದಂತೆ ಖರ್ಜೂರದ ಜಕಾತ್ ಕಲಿಸಿದರು. ಉಪ್ಪನಿಗೆ ಬಹಳ ಸಂತೋಷವಾಯಿತು. ನಮ್ಮೂರಿನಲ್ಲಿ ಒಂದೇ ಒಂದು ಖರ್ಜೂರದ ಮರವೂ ಇರಲಿಲ್ಲ.