ಅಪ್ಪನ ತೋಳು, ನನ್ನ ತೋಳು

ನನಗೆ ಇಪ್ಪತ್ತೆರಡು ವರ್ಷವಾಗಿದ್ದಾಗ ಹುಣಸೂರಿನ ಕಡೆಯಿಂದ ಒಂದು ಗಂಡಿನ ಮನೆಯವರು ನನ್ನನ್ನು ನೋಡಲು ಬಂದಿದ್ದರು. ನಮ್ಮ ಊರು ಕೆ.ಆರ್. ನಗರದ ಹತ್ತಿರ, ನಾಲೆಯ ಪಕ್ಕದಲ್ಲಿ. ಭತ್ತದ ಕೊಯ್ಲು ಮುಗಿದಿತ್ತು. ಸಂಜೆಯ ಹೊತ್ತು, ಹಜಾರದಲ್ಲಿ ಜಮಖಾನ ಹಾಸಿ ಎಂಟು ಹತ್ತು ಜನ ಕೂತಿದ್ದರು. ಹುಡುಗನ ಸೋದರಮಾವ ಮಾತು ತೆಗೆದರು. ‘ಹುಡ್ಗಿ ಮದ್ವೆ ಆದ್ಮೇಲೆ ಟೀಚರ್ ಕೆಲ್ಸಕ್ಕೆ ಓಗ್ಲಿ, ನಮ್ದೇನೂ ಅಡ್ಡಿ ಇಲ್ಲ’ ಎನ್ನುವಷ್ಟರಲ್ಲಿ ಅಪ್ಪ ಎದ್ದುಬಿಟ್ಟರು. ತೋಳು ಕೊಡವಿಕೊಳ್ಳುತ್ತ ಹೊಸಿಲು ದಾಟಿ ಅಂಗಳಕ್ಕೆ ಹೋದರು. ಹತ್ತು ನಿಮಿಷ ಕೊಟ್ಟಿಗೆಗೂ ಬಾವಿಗೂ ನಡುವೆ ತಿರುಗಾಡಿ ಬಂದು ಕೂತರು. ಮತ್ತೆ ಎದ್ದರು. ಮೂರನೆಯ ಸಲ ಎದ್ದಾಗ ಸೋದರಮಾವನಿಗೆ ತಡೆಯಲಾಗಲಿಲ್ಲ.

‘ಯಜಮಾನ್ರಿಗೆ ನಮ್ ಜೊತೆ ಕೂರಕ್ಕೂ ಮನ್ಸಿಲ್ಲ ಅಂದ್ಮೇಲೆ ಇನ್ನೇನ್ ಮಾತು, ಬುಡ್ರಿ.’

ಕಾಫಿ ಲೋಟಗಳನ್ನು ಅರ್ಧಕ್ಕೇ ಬಿಟ್ಟು ಅವರು ಹೊರಟುಹೋದರು.

ಆ ಹುಡುಗನ ಮುಖ ಈಗ ನನಗೆ ನೆನಪಿಲ್ಲ. ಆದರೆ ಆ ದಿನದ ಅವಮಾನ ಬಹಳ ಕಾಲ ಉಳಿಯಿತು. ಅಪ್ಪ ಮೊದಲಿನಿಂದಲೂ ಹಾಗೆಯೇ. ಮದುವೆಮನೆಯ ಪಂಕ್ತಿಯಲ್ಲಿ ಪಾಯಸ ಬರುವ ಮೊದಲೇ ಏಳುತ್ತಿದ್ದರು. ನನ್ನ ಶಾಲೆಯ ಕಾರ್ಯಕ್ರಮಕ್ಕೆ ಬಂದವರು ನನ್ನ ಹಾಡು ಮುಗಿಯುವ ಮೊದಲೇ ಗೇಟಿನ ಆಚೆ ಇದ್ದರು. ಹಗಲೆಲ್ಲ ಗದ್ದೆಯಲ್ಲಿ ಸರಿಯಾಗಿಯೇ ಇರುವ ಮನುಷ್ಯ, ದೀಪ ಹಚ್ಚುವ ಹೊತ್ತಿಗೆ ತೋಳನ್ನು ಕಂಬಕ್ಕೆ ಬಡಿಯುತ್ತ, ಬೀಸುತ್ತ, ನಾಲೆಯ ಏರಿಯ ಮೇಲೆ ಒಬ್ಬರೇ ನಡೆಯುತ್ತಿದ್ದರು. ಊರಲ್ಲಿ ಕೆಲವರು ಕುಡಿತ ಅಂದರು. ಅಪ್ಪ ಒಂದು ದಿನವೂ ಕುಡಿದವರಲ್ಲ. ಅಮ್ಮ ಕೇಳಿದರೆ ‘ಕೈ ಸುಮ್ನಿರಾಕಿಲ್ಲ ಕಣೆ’ ಎಂದಷ್ಟೇ ಹೇಳುತ್ತಿದ್ದರು. ಅದನ್ನು ನಾವು ನೆಪವೆಂದುಕೊಂಡೆವು.

ಎರಡು ವರ್ಷದ ನಂತರ ಪಿರಿಯಾಪಟ್ಟಣಕ್ಕೆ ಮದುವೆಯಾಗಿ ಬಂದೆ. ಗಂಡನದು ಬಸ್ ಸ್ಟ್ಯಾಂಡಿನ ಹತ್ತಿರ ಬೀಜ ಗೊಬ್ಬರದ ಅಂಗಡಿ. ನನಗೆ ಅಲ್ಲಿಯೇ ಸರ್ಕಾರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಎರಡನೆಯ ಬಸುರಿನಲ್ಲಿ ಕಾಲಿನ ಮೀನಖಂಡದೊಳಗೆ ಏನೋ ಹರಿದಾಡಿದಂತಾಗುತ್ತಿತ್ತು; ಹೆರಿಗೆಯಾದ ಮೇಲೆ ಹೋಯಿತು, ಮರೆತೂಬಿಟ್ಟೆ. ನಲವತ್ತೆರಡು ತುಂಬಿದ ವರ್ಷ ಅದು ಮರಳಿ ಬಂತು. ಈ ಸಲ ಕಾಲಿಗಿಂತ ಹೆಚ್ಚಾಗಿ ತೋಳಿಗೆ, ಹೆಗಲಿನಿಂದ ಮೊಣಕೈವರೆಗೆ.

ನೀರು ಬಿಡುವ ಮುಂಚೆ ನಲ್ಲಿಯೊಳಗೆ ಗಾಳಿ ಗುಳುಗುಳು ಅನ್ನುತ್ತದಲ್ಲ, ಹಾಗೆ. ನೋವಲ್ಲ, ಜೋಮಲ್ಲ, ತುರಿಕೆಯೂ ಅಲ್ಲ. ಕೈ ಆಡಿಸು, ಆಡಿಸು ಎಂದು ಒಳಗಿನಿಂದ ಯಾರೋ ಪೀಡಿಸಿದಂತೆ. ಆಡಿಸಿದರೆ ನಿಲ್ಲುತ್ತಿತ್ತು. ನಿಲ್ಲಿಸಿದರೆ ಮತ್ತೆ ಶುರು. ತರಗತಿಯಲ್ಲಿ ಬೋರ್ಡಿನ ಮುಂದೆ ಇದ್ದಾಗ ಏನೂ ಇಲ್ಲ. ಸಂಜೆ ನೋಟ್‌ಬುಕ್ಕುಗಳನ್ನು ತಿದ್ದಲು ಕೂತರೆ ಸಾಕು, ಎರಡು ಪುಟಕ್ಕೊಮ್ಮೆ ಎದ್ದು ತೋಳು ಬೀಸಬೇಕು. ‘ಬೋರ್ಡ್ ಮೇಲೆ ಬರ್ದು ಬರ್ದು ಇಂಗಾಗದೆ’ ಎಂದರು ನನ್ನ ಗಂಡ. ಹತ್ತಿರದ ಡಾಕ್ಟರು ಹಚ್ಚಿಕೊಳ್ಳಲು ನೋವಿನ ಮುಲಾಮು ಬರೆದುಕೊಟ್ಟರು. ನೋವೇ ಇಲ್ಲದ ಜಾಗಕ್ಕೆ ಒಂದು ತಿಂಗಳು ಅದನ್ನು ತಿಕ್ಕಿದೆ.

ಒಂದು ಸಂಜೆ ತಾರಸಿಯ ಮೇಲೆ ಆ ಕಡೆಯಿಂದ ಈ ಕಡೆಗೆ ನಡೆಯುತ್ತಿದ್ದೆ. ಬಟ್ಟೆ ತೆಗೆಯಲು ಬಂದ ಮಗಳು ನಿಂತು ನೋಡಿ ನಕ್ಕಳು.

‘ಅಮ್ಮಾ, ನೀನು ಥೇಟು ತಾತನ ಥರಾನೇ ನಡೀತಿದ್ದೀಯ!’

ನಾನು ಅಲ್ಲೇ ನಿಂತೆ. ಅವಳು ಬಟ್ಟೆ ಹೊತ್ತು ಕೆಳಗಿಳಿದ ಮೇಲೂ ನಾನು ನೀರಿನ ಟ್ಯಾಂಕಿಗೆ ಒರಗಿ ನಿಂತೇ ಇದ್ದೆ. ಅಷ್ಟು ವರ್ಷ ನಾನು ಅಪ್ಪನನ್ನು ಯಾವುದಕ್ಕೆ ದೂರಿದ್ದೆನೆಂದು ಅರ್ಥವಾಗತೊಡಗಿತು.

ಭಾನುವಾರ ಬೆಳಿಗ್ಗೆಯೇ ಬಸ್ಸು ಹತ್ತಿ ಊರಿಗೆ ಹೋದೆ. ಅಮ್ಮ ತೀರಿಕೊಂಡ ಮೇಲೆ ಅಪ್ಪ ನನ್ನ ಅಣ್ಣನ ಸಂಸಾರದ ಜೊತೆ ಇದ್ದಾರೆ. ಎಪ್ಪತ್ತಮೂರಾದರೂ ಗದ್ದೆಗೆ ನೀರು ಕಟ್ಟಲು ಅವರೇ ಹೋಗುತ್ತಾರೆ. ಅವರನ್ನು ಏರಿಯ ಮೇಲೆಯೇ ಹಿಡಿದು ಕೇಳಿದೆ: ‘ಅಪ್ಪ, ನಿಮ್ ತೋಳೊಳಗೆ ಏನಾಗುತ್ತೆ?’

ಅಪ್ಪ ಗುದ್ದಲಿ ಕೆಳಗಿಟ್ಟರು. ‘ಯಾಕವ್ವ?’

‘ನಂಗೂ ಆಗ್ತಿದೆ.’

ಅವರು ಹತ್ತಿರ ಬಂದರು. ‘ಮೂಳೆ ಒಳ್ಗೆ ಸೋಡ ಉಕ್ದಂಗೆ ಆಯ್ತದಾ? ಹೊತ್ತು ಮುಳುಗ್ತಿದ್ದಂಗೆ?’

ಹೌದೆಂದೆ. ಅವರ ಕಣ್ಣು ತುಂಬಿ ಬಂತು.

‘ನಮ್ಮವ್ವಂಗೂ ಇತ್ತು ಕಣವ್ವ. ಸಂದೆಯಾದ್ರೆ ಬೀಸೋಕಲ್ಲು ಮುಂದೆ ಕೂತು, ರಾಗಿ ಇಲ್ದಿದ್ರೂ ಬೀಸೋಳು. ತಲೆ ಕೆಟ್ಟದೆ ಅಂದ್ರು ಜನ. ನಂಗೆ ಬಂದಾಗ ಬಾಯ್ಮುಚ್ಕಂಡೆ. ನಿನ್ ಸಂಬಂದ ಮುರ್ದ ದಿನ ಯೋಳಾನ ಅನ್ಕಂಡೆ. ಏನಂತ ಯೋಳ್ಲಿ? ಎಸ್ರೇ ಇಲ್ದ ಕಾಯ್ಲೆನ ಯಾರ್ ನಂಬಾರು?’

‘ಈಗ ನಾನು ನಂಬ್ತೀನಲ್ಲ ಅಪ್ಪ’ ಎಂದೆ. ನಾಲೆಯ ಪಕ್ಕ ಇಬ್ಬರೂ ಸ್ವಲ್ಪ ದೂರ ನಡೆದೆವು.

ಮೈಸೂರಿನಲ್ಲಿ ನರಗಳ ತಜ್ಞೆಯೊಬ್ಬರ ಹತ್ತಿರ ಅಪ್ಪನನ್ನೂ ಕರೆದುಕೊಂಡು ಹೋದೆ. ಆಕೆ ನಮ್ಮಿಬ್ಬರನ್ನೂ ಪೂರ್ತಿ ಮಾತಾಡಲು ಬಿಟ್ಟರು. ನಲ್ಲಿಯ ಗಾಳಿ, ಸೋಡ, ಎರಡನ್ನೂ ಬರೆದುಕೊಂಡರು. ಇದಕ್ಕೆ ಹೆಸರಿದೆ ಎಂದರು: ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್, ಕಾಲಿನ ಚಡಪಡಿಕೆ. ಹೆಸರಿನಲ್ಲಿ ಕಾಲು ಇದ್ದರೂ ಕೆಲವರಿಗೆ ತೋಳಿಗೂ ಹರಡುತ್ತದೆ, ಎಷ್ಟೋ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ ಎಂದು ವಿವರಿಸಿದರು.

‘ಅಂಗಾರೆ ಕೈ ಅಂತ ಬರ್ಯದ್ ಬುಟ್ಟು ಕಾಲು ಅಂತ ಬರ್ದವ್ರೆ’ ಎಂದರು ಅಪ್ಪ. ಡಾಕ್ಟರು ಜೋರಾಗಿ ನಕ್ಕರು.

ರಕ್ತ ಪರೀಕ್ಷೆಯಲ್ಲಿ ನನ್ನ ಮೈಯಲ್ಲಿ ಕಬ್ಬಿಣಾಂಶದ ದಾಸ್ತಾನು ತೀರಾ ಕಡಿಮೆ ಎಂದು ತಿಳಿಯಿತು. ಅದಕ್ಕೆ ಮಾತ್ರೆ ಕೊಟ್ಟರು. ಹೊಗೆಸೊಪ್ಪನ್ನು ಗೂಡಿನ ಬಿಸಿಗೆ ಒಣಗಿಸಿ ಬೇಯಿಸುವ ಕಾಲದಲ್ಲಿ ಪಿರಿಯಾಪಟ್ಟಣದ ಗಾಳಿಗೆ ನನಗೆ ಸೀನು ಹತ್ತುತ್ತದೆ. ಅದಕ್ಕೆ ನುಂಗುತ್ತಿದ್ದ ನೆಗಡಿ ಮಾತ್ರೆಯೇ ಚಡಪಡಿಕೆಯನ್ನು ಹೆಚ್ಚಿಸುತ್ತಿರಬಹುದು ಎಂದು ಬೇರೆ ಔಷಧ ಬರೆದರು. ಅಪ್ಪನ ಸಂಜೆ ಕಾಫಿ ತಪ್ಪಿಸಿ ಒಂದು ಸಣ್ಣ ಮಾತ್ರೆ ಕೊಟ್ಟರು. ಪೂರ್ತಿ ಹೋಗದೆ ಇರಬಹುದು, ಆದರೆ ಇದನ್ನು ಹತೋಟಿಯಲ್ಲಿಡಬಹುದು ಎಂದರು.

ಮೂರು ತಿಂಗಳಾಗುವಷ್ಟರಲ್ಲಿ ಅಪ್ಪ ಫೋನ್ ಮಾಡಿದರು.

‘ನೆನ್ನೆ ಸೊಸೆ ಜೊತೆ ಟೀವಿ ಮುಂದೆ ಕೂತು ಒಂದಿಡೀ ಧಾರಾವಾಹಿ ನೋಡ್ದೆ ಕಣವ್ವ.’

‘ಹೌದಾ? ಹೇಗಿತ್ತು?’

‘ಏನೂ ಚೆನ್ನಾಗಿರ್ಲಿಲ್ಲ ಬುಡು’ ಎಂದು ನಕ್ಕರು. ಆ ನಗುವಿನಲ್ಲಿ ಇದ್ದ ಹಗುರತನವನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ನನಗೂ ಬಹಳಷ್ಟು ಕಡಿಮೆಯಾಗಿದೆ. ವಾರಕ್ಕೆ ಒಂದೆರಡು ಸಂಜೆ ಬರುತ್ತದೆ, ಬಂದಷ್ಟೇ ಸಲೀಸಾಗಿ ಹೋಗುತ್ತದೆ. ಹೋದ ತಿಂಗಳು ಹುಣಸೂರಿನಲ್ಲಿ ಶಿಕ್ಷಕರ ತರಬೇತಿ ಇತ್ತು. ಸಂಜೆ ಐದಾದರೂ ಮುಗಿದಿರಲಿಲ್ಲ, ತೋಳು ಶುರುವಾಯಿತು. ಕೈಯೆತ್ತಿ ಹೇಳಿದೆ: ‘ಸರ್, ನನಗೆ ಹೆಚ್ಚು ಹೊತ್ತು ಸುಮ್ಮನೆ ಕೂತರೆ ತೋಳಿನೊಳಗೆ ಚಡಪಡಿಕೆಯಾಗೋ ತೊಂದರೆ ಇದೆ. ನಿಂತು ಕೇಳಿಸ್ಕೋತೀನಿ.’ ತರಬೇತಿ ಕೊಡುತ್ತಿದ್ದವರು ‘ಅದಕ್ಕೇನಂತೆ, ನಿಂತ್ಕೊಳ್ಳಿ ಮೇಡಂ’ ಎಂದು ಪಾಠ ಮುಂದುವರಿಸಿದರು. ಕಿಟಕಿಯ ಕಟ್ಟೆಯ ಮೇಲೆ ಪುಸ್ತಕವಿಟ್ಟುಕೊಂಡು ಕೊನೆಯವರೆಗೂ ಬರೆದುಕೊಂಡೆ.

ಎಲ್ಲರೂ ಏಳುವಾಗ ಅಂತರಸಂತೆ ಕಡೆಯ ಶಾಲೆಯ ಟೀಚರೊಬ್ಬರು ಹತ್ತಿರ ಬಂದರು. ನಮ್ಮಿಬ್ಬರಿಗೆ ಅಲ್ಲಿಯವರೆಗೆ ಪರಿಚಯವಿರಲಿಲ್ಲ.

‘ಅದೇನೋ ತೋಳು ಅಂದ್ರಲ್ಲ ಮೇಡಂ. ನಮ್ಮತ್ತೆಗೂ ಇಂಗೇ ಆಯ್ತದೆ ಕಣ್ರೀ. ನಾವು ಸುಮ್ನೆ ಬಯ್ತಿದ್ವಿ. ಆ ಕಾಯ್ಲೆ ಎಸ್ರು ವಸಿ ಬರ್ಕೊಡ್ತೀರಾ?’

ಅವರ ಪುಸ್ತಕದ ಹಿಂದಿನ ಪುಟದಲ್ಲಿ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದೆ. ಕೆಳಗೆ ‘ಕಬ್ಬಿಣಾಂಶದ ದಾಸ್ತಾನಿನ ರಕ್ತ ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ಕೇಳಿ’ ಎಂದು ಸೇರಿಸಿದೆ. ಅವರು ಅಲ್ಲಿಯೇ ನಿಂತು ಅದನ್ನು ಎರಡು ಸಲ ಓದಿ, ಎಚ್.ಡಿ. ಕೋಟೆಯ ಬಸ್ಸಿಗೆ ಓಡಿದರು.