ಮೊದಲ ರೌಂಡಿನಲ್ಲಿ ಸಿಸ್ಟರ್ ಬೆನೆಡಿಕ್ಟಾ

ತುಮಕೂರಿಗೆ ಬಂದ ವಾರದಲ್ಲೇ ನನ್ನ ಅಡುಗೆಮನೆಯಲ್ಲಿ ಅಪರಿಚಿತ ಗಂಡಸೊಬ್ಬ ನಿಂತಿದ್ದ. ಕೈಯಲ್ಲಿ ಸ್ಟೀಲ್ ಲೋಟ. ನಾನು ಸೌಟು ಎತ್ತಿ ಕಿರುಚಿದೆ. ಅವನೂ ಕಿರುಚಿದ.

"ಆಂಟಿ, ನಾನು ನವೀನ, ಮೇಲ್ಗಡೆ ಮನೆ. ಒಂಚೂರು ಹೆಪ್ಪು ಕೊಡ್ತೀರಾ?"

ಬೆಲ್ ಇಲ್ಲ, ಫೋನ್ ಇಲ್ಲ, ಎಕ್ಸ್‌ಕ್ಯೂಸ್ ಮಿ ಇಲ್ಲ. ಮುಂಬಯಿಯಲ್ಲಿ, ಮಾಟುಂಗಾದ ನಮ್ಮ ಬಿಲ್ಡಿಂಗಿನಲ್ಲಿ ನಾವೆಲ್ಲ ಪೀಪ್‌ಹೋಲಿನಲ್ಲಿ ನೋಡಿ, ಚೈನ್ ಹಾಕಿಕೊಂಡೇ ಮಾತಾಡಿಸಿದವರಲ್ಲವೇ? ಆ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟುವವರೆಗೆ ಸೋದರತ್ತೆಯ ಮಗಳ ಈ ಖಾಲಿ ಮನೆ ನನಗೆ ಸಿಕ್ಕಿತು. ಮಾಟುಂಗಾದ ಚೈನನ್ನೂ ಬಿಚ್ಚಿ ತಂದಿದ್ದೆ. ಅವತ್ತೇ ಬಡಗಿಯನ್ನು ಕರೆಸಿ ಬಾಗಿಲಿಗೆ ಹೊಡೆಸಿದೆ.

ಇಲ್ಲಿಯ ತಟ್ಟೆ ಇಡ್ಲಿ ಊಟದ ತಟ್ಟೆಯಷ್ಟೇ ಅಗಲ. ನಮ್ಮ ಮಾಟುಂಗಾ ಇಡ್ಲಿ ಅದರ ಪಕ್ಕದಲ್ಲಿ ಮಗು. ಇಲ್ಲಿಯವರ ಮಾತೂ ಹಾಗೆಯೇ, ಅಗಲ. 'ಬಿಡಿ' ಎನ್ನುವುದಕ್ಕೆ 'ಬುಡಿ' ಎನ್ನುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: "ವಾಪಸ್ ಯಾವಾಗ ಆಂಟಿ?" ಪ್ರೀತಿಯಿಂದಲೇ ಕೇಳುತ್ತಾರೆ, ಗೊತ್ತು. ಆದರೂ ನನಗೆ ಅನುಮಾನ. ನೆಂಟರನ್ನಲ್ಲದೆ ಇನ್ನಾರನ್ನು ಹಾಗೆ ಕೇಳುತ್ತಾರೆ?

ಒಂದು ಭಾನುವಾರ ನವೀನ ಆಟಕ್ಕೆ ಕರೆದ. ಹುಟ್ಟೂರು ಅಮೃತೂರು, ಇಲ್ಲಿ ಸ್ಕೂಲಿನ ಪಿ.ಟಿ. ಮೇಷ್ಟ್ರು. ಆಟ ನಡೆಸುವವಳು ಪವಿತ್ರ. ಗುಬ್ಬಿಯಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದಾಳೆ, ಭಾನುವಾರ ರೈಲಿನಲ್ಲಿ ಬರುತ್ತಾಳೆ. ಬೋರ್ಡ್ ಇಲ್ಲ, ಕಾಯಿ ಇಲ್ಲ. ನಾವೊಬ್ಬೊಬ್ಬರೂ ಒಂದೊಂದು ಪಾತ್ರವಾಗಬೇಕು, ಅವಳು ಕಥೆ ಹೇಳುತ್ತಾಳೆ, ಏನಾಯಿತೆಂದು ಇಪ್ಪತ್ತು ಮುಖದ ಡೈಸ್ ತೀರ್ಮಾನಿಸುತ್ತದೆ. ಅವಳ ಡೈಸ್ ನಮಗೆ ಕಾಣದಂತೆ ಮೂರು ಹಳೆಯ ಲಗ್ನಪತ್ರಿಕೆಗಳ ಪರದೆ. ನವೀನ ಕೊಡಲಿ ಹಿಡಿದ ಕುಳ್ಳನಾದ. ಕಾನ್ವೆಂಟಿನ ನೆನಪಿಗೆ ನಾನು ಗದೆ ಹಿಡಿದ ಸಿಸ್ಟರ್ ಬೆನೆಡಿಕ್ಟಾ ಆದೆ.

ನನ್ನ ಸಿಸ್ಟರ್ ಯಾರನ್ನೂ ನಂಬುತ್ತಿರಲಿಲ್ಲ. ಬಾಗಿಲ ಹಿಂದೆ ನೋಡುತ್ತೇನೆ, ಅಟ್ಟ ನೋಡುತ್ತೇನೆ, ಸೂಪಿನೊಳಗೆ ನೋಡುತ್ತೇನೆ. ಅವಳು ಗೆದ್ದ ಕಾಳಗಗಳನ್ನು ಹಿಂದಿನ ಪತ್ರಗಳಲ್ಲಿ ನಿಮಗೆ ಹೆಮ್ಮೆಯಿಂದ ಬರೆದಿದ್ದೆನಲ್ಲ!

ಹೋದ ತಿಂಗಳು ಆಟದಲ್ಲಿ ಮಾಟಗಾತಿಯೊಬ್ಬಳನ್ನು ಹುಡುಕುತ್ತಿದ್ದೆವು. ಸೇತುವೆಯ ಮೇಲೆ ಬುಟ್ಟಿಯಿಟ್ಟುಕೊಂಡ ಮುದುಕಿಯೊಬ್ಬಳು ಎದುರಾದಳು.

"ಇವಳೇ ಮಾಟಗಾತಿ! ಸರ್‌ಪ್ರೈಸ್ ಅಟ್ಯಾಕ್!" ಎಂದೆ.

"ಎದುರಿಗೆ ನಿಂತ್ಕೊಂಡು ಕೂಗ್ಕೊಂಡು ಹೊಡೆದ್ರೆ ಅದೆಂಗ್ ಸರ್‌ಪ್ರೈಸ್ ಆಂಟಿ?" ಪವಿತ್ರ ನಕ್ಕಳು. "ಅವ್ಳು ನಿಮ್ಮನ್ನೇ ನೋಡ್ತಾವ್ಳೆ."

"ಪಾಪ, ಕಾಯಿ ಮಾರೋ ಅಜ್ಜಿ ಕಣ್ರೀ," ಎಂದ ನವೀನ.

ಅಷ್ಟರಲ್ಲಿ ಪರದೆಯ ಹಿಂದೆ ಡೈಸ್ ಉರುಳಿತು. ನಮ್ಮ ಬೆನ್ನಿಗೆ, ತೋಟದಿಂದ, ಕಳ್ಳರು.

ನಿಯಮ ಹೀಗಿದೆ: ಅಡಗಿದವರ ಡೈಸು ನಮ್ಮ ಪಾತ್ರದ ಹಾಳೆಯಲ್ಲಿ ಬರೆದಿರುವ ಗಮನದ ಅಂಕಿಯನ್ನು ದಾಟಿದರೆ ನಮಗೆ ಸರ್‌ಪ್ರೈಸ್. ಮೊದಲ ರೌಂಡಿನಲ್ಲಿ ಕೈಕಾಲು ಆಡಿಸುವಂತಿಲ್ಲ, ಏಟು ತಿನ್ನುವುದಷ್ಟೇ. ಎರಡನೇ ರೌಂಡಿನಿಂದ ನಮ್ಮ ಸರದಿ ನಮಗೆ.

"ನಾನ್‌ಸೆನ್ಸ್!" ಎಂದೆ. "ಮೊದಲಿನಿಂದ ಅನುಮಾನ ಪಟ್ಟವಳು ನಾನು. ನನಗೆಂಥ ಸರ್‌ಪ್ರೈಸ್?"

"ಅನುಮಾನ ಪಟ್ರಿ ಆಂಟಿ. ನೋಡ್ಲಿಲ್ಲ. ನಿಮ್ ಕಣ್ಣೆಲ್ಲ ಅಜ್ಜಿ ಮೇಲೇ ಇತ್ತು."

ಕಳ್ಳನ ಏಟಿಗೆ ಮತ್ತೆ ಡೈಸ್ ಹಾಕಿದಳು. ನೋಡಿದಳು. ಒಂದು ಕ್ಷಣ ತಡೆದಳು. "ತಪ್ಪೋಯ್ತು, ಬಚಾವ್," ಎಂದಳು.

ಆ ತಡೆದ ಕ್ಷಣ ನನಗೆ ಗೊತ್ತು. ಮಾಟುಂಗಾದಲ್ಲಿ ನಾನು ಟೀಚರಾಗಿದ್ದಾಗ ಎಕ್ಸಾಮ್ ಹಾಲಿನಲ್ಲಿ ಚೀಟಿ ಬಚ್ಚಿಟ್ಟ ಮಕ್ಕಳು ಹಾಗೆಯೇ ತಡೆಯುತ್ತಿದ್ದರು. ಕೈ ಚಾಚಿ ಲಗ್ನಪತ್ರಿಕೆ ಎತ್ತಿದೆ. ಡೈಸಿನ ಮೇಲೆ ಇಪ್ಪತ್ತು. ಇಪ್ಪತ್ತು ಬಿದ್ದರೆ ಏಟು ತಪ್ಪುವುದೇ ಇಲ್ಲ, ದುಪ್ಪಟ್ಟು ಬೀಳುತ್ತದೆ.

"ಮೋಸ!" ಎಂದೆ. ಮೋಸವೇ ಹೌದು, ಆದರೆ ನನ್ನ ಪರವಾಗಿ. ಅದನ್ನು ನಾನು ಯೋಚಿಸಿರಲೇ ಇಲ್ಲ.

ಪವಿತ್ರ ತಲೆ ತಗ್ಗಿಸಿದಳು. "ಬುಡಿ ಆಂಟಿ. ಸಿಸ್ಟರ್ ಸತ್ತೋದ್ರೆ ನೀವು ಬರೋದೇ ನಿಲ್ಲಿಸ್ಬುಡ್ತೀರೇನೋ ಅಂತ. ಇರೋ ನಾಕ್ ದಿನ ಖುಷಿಯಾಗಿರ್ಲಿ ಅಂತ."

"ಮೊದಲಿನಿಂದಲೂ?"

ಹೂಂ ಎಂದಳು. ನಿಮಗೆ ಬರೆದ ಗೆಲುವುಗಳೆಲ್ಲ ಗ್ರೇಸ್ ಮಾರ್ಕ್ಸ್!

"ನವೀನನಿಗೂ ಹೀಗೇ ಬಿಡುತ್ತೀಯಾ?"

"ನಂಗಾ?" ನವೀನ ಕೆರಳಿದ. "ನನ್ ಕುಳ್ರು ಸಾಯ್ತಾನೇ ಅವ್ರೆ. ಯಾರಾದ್ರೂ ಕೇಳಿದ್ರಾ? ಇವ್ಳು ಟೀ ಕುಡ್ಕೊಂಡೇ ಸಾಯಿಸ್ತಾಳೆ!"

ನನಗೆ ಹೊಟ್ಟೆಕಿಚ್ಚಾಯಿತು. ಅವನು ಮನೆಯವನು, ಆದ್ದರಿಂದ ಸಾಯಬಹುದು. ನಾನು ನೆಂಟಳು. ಎದ್ದು ಹೋಗಿಬಿಡಲೇ ಎನ್ನಿಸಿತು. ಹೋದರೆ ಭಾನುವಾರಕ್ಕೆ ಈ ಊರಿನಲ್ಲಿ ನನಗೆ ಬೇರೆ ಯಾರೂ ಇಲ್ಲ. ಕೂತರೆ ನೆಂಟಳಾಗಿಯೇ ಕೂರಬೇಕು.

ಪತ್ರಿಕೆಗಳನ್ನು ಮಡಿಚಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ.

"ಇಪ್ಪತ್ತು ಇಪ್ಪತ್ತೇ. ಸಿಸ್ಟರ್ ಬಿದ್ದಳು. ಮುಂದೆ ಹೇಳಮ್ಮ."

ಪವಿತ್ರ ನನ್ನನ್ನೇ ನೋಡಿದಳು. ಆಮೇಲೆ ಎಲ್ಲರೆದುರು ಡೈಸ್ ಹಾಕತೊಡಗಿದಳು. ಎರಡನೇ ರೌಂಡಿನಲ್ಲಿ ಕಾಯಿ ಮಾರುವ ಅಜ್ಜಿ, ಬಿದ್ದ ಸಿಸ್ಟರನ್ನು ಕಾಪಾಡಲು, ಕಾಲು ಹಿಡಿದು ಸೇತುವೆಯಾಚೆ ಎಳೆಯಲು ನೋಡಿದಳು. ಡೈಸ್ ಒಪ್ಪಲಿಲ್ಲ. ಸಿಸ್ಟರ್ ಸತ್ತಳು. ನನಗೆ ನಿಜವಾಗಿಯೂ ಅಳು ಬಂತು.

"ಮುಂದಿನ್ ವಾರ ಹೊಸ ಪಾತ್ರ ಮಾಡ್ಕೊಂಡ್ ಬನ್ನಿ," ಎಂದಳು ಪವಿತ್ರ. "ವಾಪಸ್ ಯಾವಾಗ" ಎಂದು ಕೇಳಲಿಲ್ಲ.

ಈಗ ಮಾಟುಂಗಾದ ಫ್ಲ್ಯಾಟ್ ರೆಡಿ ಎಂದು ಫೋನ್ ಬಂದಿದೆ. ಬರುತ್ತೇನೆ, ಬಂದು ನೋಡುತ್ತೇನೆ. ಮೊನ್ನೆ ಬಾಗಿಲ ಚೈನ್ ಬಿಚ್ಚಿಸಿ ಟ್ರಂಕಿನಲ್ಲಿಟ್ಟೆ. ಅಲ್ಲಿ ಅದಿಲ್ಲದೆ ನನಗೆ ನಿದ್ದೆ ಬಾರದು. ಇಲ್ಲಿ ಅದಿದ್ದರೆ ಹೆಪ್ಪು ಕೇಳಲು ಯಾರೂ ಬಾರರು.