ಅರಬೈಲು ಘಟ್ಟದಲ್ಲಿ ಗಿಟಾರು

ಸ್ನೇಹಿತರೇ, ಬದುಕಿದ್ದೇನೆ. ಇವತ್ತು ಯಲ್ಲಾಪುರದಿಂದ ಟೆಂಪೋದಲ್ಲಿ ಅರಬೈಲು ಘಟ್ಟ ಇಳಿಯುವಾಗ ಜಗತ್ತಿನ ಶ್ರೇಷ್ಠ ಗಿಟಾರ್ ವಾದಕ ಯಾರೆಂದು ನನಗೂ ಗೆಳೆಯ ಗಣಪತಿಗೂ ಜಗಳ ಹತ್ತಿತು. ನಾನು ಅಮೆರಿಕದವನೊಬ್ಬನನ್ನು ಹಿಡಿದುಕೊಂಡೆ, ಅವನು ಇಂಗ್ಲೆಂಡಿನವನನ್ನು.

ಡ್ರೈವರ್ ಪೂರ್ತಿ ಹಿಂದಕ್ಕೆ ತಿರುಗಿದ. "ಅವ್ರೆಲ್ಲ ಎಂತದು ಮಾರಾಯ್ರೆ! ಶಿರಸಿ ಆರ್ಕೆಸ್ಟ್ರಾದಲ್ಲಿ ನಮ್ಮ ಫ್ರಾನ್ಸಿಸಣ್ಣ ಬಾರಿಸ್ತಿದ್ದದ್ದು ನೋಡಿದ್ರಾ? ಹೀಂಗೆ!"

ಎಡಗೈ ಗಾಳಿಯಲ್ಲಿ ತಂತಿ ಒತ್ತಿತು. ಬಲಗೈ ಹೊಟ್ಟೆಯ ಮೇಲೆ ಮೀಟತೊಡಗಿತು. ಸ್ಟೇರಿಂಗ್ ಹಿಡಿಯಲು ಅವನಿಗೆ ಮೂರನೆಯ ಕೈ ಇರಲಿಲ್ಲ. ಮುಂದಿನ ತಿರುವಿನಲ್ಲಿ ಅದಿರಿನ ಲಾರಿಯೊಂದು ಹಾರ್ನ್ ಹೊಡೆಯುತ್ತ ಹತ್ತಿ ಬರುತ್ತಿತ್ತು.

"ಆದ್ರೂ ಅಮೆರಿಕದವನ..." ಎಂದು ನನ್ನ ಹಾಳು ಬಾಯಿ ಶುರುಮಾಡಿತು.

ಗಣಪತಿ ನನ್ನ ತೊಡೆ ಚಿವುಟಿದ. "ಒಪ್ಕ್ಯಳಾ ಮಾರಾಯಾ! ಯಂಗೆ ಇನ್ನೂ ಮದ್ವೆ ಆಜಿಲ್ಲೆ!"

"ಫ್ರಾನ್ಸಿಸಣ್ಣನೇ ಶ್ರೇಷ್ಠ!" ಎಂದು ಇಬ್ಬರೂ ಕಿರುಚಿದೆವು. ಡ್ರೈವರ್ ತೃಪ್ತಿಯಿಂದ ಸ್ಟೇರಿಂಗ್ ಹಿಡಿದ. ಲಾರಿ ಕಿಟಕಿಗೆ ಉಸಿರು ತಾಗುವಷ್ಟು ಹತ್ತಿರ ದಾಟಿಹೋಯಿತು.

ಅಂಕೋಲೆಯಲ್ಲಿ ಇಳಿದೆವು. ಇನ್ನು ಘಟ್ಟದಲ್ಲಿ ಹಾಡುಗಾರರ ಬಗ್ಗೆ ಮಾತ್ರ ಮಾತಾಡೋಣ, ಹಾಡಲು ಕೈ ಬೇಡವಲ್ಲ ಎಂದೆ.

ಗಣಪತಿ ಗಂಭೀರವಾಗಿ ಯೋಚಿಸಿದ. "ಹಿಂದೂಸ್ತಾನಿಯವ್ರ ಸುದ್ದಿ ಮಾತ್ರ ಬ್ಯಾಡ. ಅವ್ಕೆ ಹಾಡಲೂ ಎರಡು ಕೈ ಬೇಕು."